ರೂಪಾಯಿ ಅಗ್ಗವಾದ ಮಾತ್ರಕ್ಕೆ ರಫ್ತು ಏರದು

ಮಾನ್ಯರೇ,

ಡಾಲರ್ ಎದುರು ರೂಪಾಯಿ ಕುಸಿದಾಗಲೆಲ್ಲ ರಫ್ತುದಾರರಿಗೆ ಲಾಭವೆಂಬ ಮಾತು ಕೇಳಿಬರುತ್ತದೆ. ಇದು ಅರ್ಧಸತ್ಯ. ದೇಶದಲ್ಲೇ ಬೆಳೆದ ಹತ್ತಿಯಿಂದ ಸಿದ್ಧ ಉಡುಪು ತಯಾರಿಸುವ ಕಾರ್ಖಾನೆಗೆ ಪ್ರತಿ ಡಾಲರಿಗೂ ಹೆಚ್ಚು ರೂಪಾಯಿ ಸಿಗುವುದು ನಿಜವಾದರೂ, ಚಿಪ್, ಪರದೆಗಳನ್ನು ಹೊರದೇಶದಿಂದ ತರಿಸಿ ಮೊಬೈಲ್ ಜೋಡಿಸುವ ಘಟಕದಲ್ಲಿ ಆ ಲಾಭದ ದೊಡ್ಡ ಪಾಲು ಆಮದಿನ ವೆಚ್ಚಕ್ಕೇ ಹೋಗುತ್ತದೆ. ಬಾಂಗ್ಲಾದೇಶದ ಟಾಕಾ, ವಿಯೆಟ್ನಾಂನ ಡಾಂಗ್ ಕೂಡ ಅಷ್ಟೇ ಇಳಿದರೆ ಉಡುಪಿನವರಿಗೂ ಸ್ಪರ್ಧೆಯಲ್ಲಿ ಮೇಲುಗೈ ಉಳಿಯದು.

1966ರ ಜೂನ್‌ನಲ್ಲಿ ಡಾಲರ್ ದರವನ್ನು 4.76 ರೂಪಾಯಿಯಿಂದ 7.50ಕ್ಕೆ ಏರಿಸಿದಾಗ, ಅದರ ಜೊತೆಗೇ ರಫ್ತು ಪ್ರೋತ್ಸಾಹಧನಗಳನ್ನು ಹಿಂತೆಗೆದು, ಸೆಣಬು, ಚಹಾದಂತಹ ಸರಕುಗಳಿಗೆ ಸುಂಕ ವಿಧಿಸಿದ್ದರಿಂದ ಮತ್ತು ಬರವೂ ಬಾಧಿಸಿದ್ದರಿಂದ, ನಿರೀಕ್ಷಿಸಿದ ಫಲ ಸಿಗಲಿಲ್ಲ. 1991ರಲ್ಲಿ ಅಪಮೌಲ್ಯದ ಜೊತೆಗೆ ಪರವಾನಗಿ ನಿರ್ಬಂಧಗಳೂ ಸಡಿಲಗೊಂಡವು. ನನ್ನ ದೃಷ್ಟಿಯಲ್ಲಿ ಮುಖ್ಯ ವ್ಯತ್ಯಾಸ ಅದೇ.

ದರದ ಹಠಾತ್ ಏರಿಳಿತವಂತೂ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಿಗೆ ಇನ್ನೂ ಕಷ್ಟ. ಆರ್ಡರ್ ಪಡೆದ ದಿನಕ್ಕೂ ಹಣ ಕೈಸೇರುವ ದಿನಕ್ಕೂ ತಿಂಗಳುಗಳ ಅಂತರವಿರುವಾಗ, ಡಾಲರ್ ದರವನ್ನು ಮುಂಗಡವಾಗಿ ನಿಗದಿಪಡಿಸಿಕೊಳ್ಳುವ ಫಾರ್ವರ್ಡ್ ಒಪ್ಪಂದಗಳನ್ನು ಬ್ಯಾಂಕುಗಳು ಈ ಘಟಕಗಳಿಗೆ ಕಡಿಮೆ ಶುಲ್ಕದಲ್ಲಿ, ಕನ್ನಡದಲ್ಲೇ ವಿವರಿಸಿ ಒದಗಿಸಬೇಕು.

– ಓದುಗ, ಬೆಂಗಳೂರು