ಹೊಗೆ ನೋಡಿ ಎಂಜಿನ್ ಇಳಿಸಬೇಡಿ

ಮಾನ್ಯ ಸಂಪಾದಕರೇ,

ಹಳೆಯ ಪಿಕಪ್ ಹೊಗೆ ಉಗುಳತೊಡಗಿದರೆ ಸಾಕು, ಮಾಲೀಕರ ಕಿವಿಗೆ ಎರಡು ಬಗೆಯ ಸಲಹೆ ಬೀಳುತ್ತದೆ. ಒಂದು, ‘ಎಂಜಿನ್ ಮುಗೀತು, ಫುಲ್ ಕೆಲಸ ಮಾಡಿಸಿಬಿಡಿ.’ ಇನ್ನೊಂದು, ‘ಅಷ್ಟೆಲ್ಲ ಯಾಕೆ, ರಿಂಗ್ ಬದಲಿಸಿ ಹೆಡ್ ಕೆಲಸ ಮಾಡಿಸಿದರೆ ಇನ್ನೂ ಸಾಕಷ್ಟು ಓಡುತ್ತೆ.’ ಫುಲ್ ಕೆಲಸ ಎಂದರೆ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟುವುದು; ರಿಂಗ್ ಎಂದರೆ ಪಿಸ್ಟನ್ ಸುತ್ತಲಿನ ಬಳೆ, ಹೆಡ್ ಎಂದರೆ ವಾಲ್ವ್‌ಗಳಿರುವ ಎಂಜಿನ್ ಮೇಲ್ಭಾಗ. ಎರಡೂ ಏನನ್ನೂ ಅಳೆಯದೆ ಕೊಡುವ ಸಲಹೆಗಳು. ಮೊದಲನೆಯದರಿಂದ ಕೆಲವೊಮ್ಮೆ ವೃಥಾ ಖರ್ಚು. ಎರಡನೆಯದರಿಂದ ಬಹಳ ಸಲ ಒಂದೇ ಕೆಲಸಕ್ಕೆ ಎರಡು ಸಲ ಖರ್ಚು. ಎಂಜಿನ್ ಇಳಿಸಬೇಕೋ, ಹೆಡ್ ಎತ್ತಿದರೆ ಸಾಕೋ, ಎರಡೂ ಬೇಡವೋ ಎಂಬುದು ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲೇ ಮುಕ್ಕಾಲು ಪಾಲು ತಿಳಿದುಬಿಡುತ್ತದೆ.

ಹೊಗೆಯ ಬಣ್ಣದ ಜೊತೆಗೆ ಅದು ಯಾವಾಗ ಬರುತ್ತದೆ ಎಂದೂ ಗಮನಿಸಬೇಕು. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ ಮಾತ್ರ, ಅಥವಾ ಇಳಿಜಾರಿನಲ್ಲಿ ಕಾಲೆತ್ತಿ ಬಂದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನೀಲಿ ಹೊಗೆ ಬಂದರೆ ಅನುಮಾನ ವಾಲ್ವ್ ಸೀಲ್ ಮತ್ತು ಗೈಡ್ ಮೇಲೆ. ಲೋಡ್ ಎಳೆಯುವಾಗ ಬಿಡದೆ ನೀಲಿ ಹೊಗೆ ಬಂದರೆ ರಿಂಗ್ ಮತ್ತು ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್ ಗೋಡೆ) ಮೇಲೆ. ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಗಾಡಿಯಲ್ಲಿ ರಿಂಗನ್ನು ದೂರುವ ಮೊದಲು ಟರ್ಬೊದಿಂದ ಮುಂದೆ ಹೋಗುವ ಗಾಳಿ ಪೈಪ್ ಬಿಚ್ಚಿ ನೋಡಿ. ಅದರಲ್ಲಿ ಆಯಿಲ್ ಮಡುಗಟ್ಟಿದ್ದರೆ ತಪ್ಪು ಟರ್ಬೊದ ಸೀಲಿನದೂ ಇರಬಹುದು. ಕಪ್ಪು ಹೊಗೆ ಹೆಚ್ಚಾಗಿ ಇಂಧನ ಸಿಂಪಡಿಸುವ ನಾಜಲ್, ಪಂಪ್ ಅಥವಾ ಏರ್ ಫಿಲ್ಟರ್ ತಕರಾರು, ಅದೊಂದೇ ಎಂಜಿನ್ ಬಿಚ್ಚಲು ಕಾರಣವಲ್ಲ. ಕಣ್ಣುರಿಸುವ ಬಿಳಿ ಹೊಗೆ ಉರಿಯದ ಡೀಸೆಲ್. ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಕೂಲಂಟ್ ಒಳಗೆ ಸೋರುತ್ತಿದೆ.

ಮುಂದಿನದು ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಒತ್ತಿದ ಗಾಳಿಯ ಒತ್ತಡ. ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು, ಟ್ಯಾಪೆಟ್ ಸಂದು (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಅಂತರ) ಮೊದಲೇ ಸರಿಯಾಗಿ ಕೂರಿಸಿರಬೇಕು. ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದಿದ್ದರೂ ಕಂಪ್ರೆಷನ್ ಕಡಿಮೆ ತೋರಿಸುತ್ತದೆ, ಆಗ ಒಳ್ಳೆಯ ಬೋರಿಗೆ ಕೆಟ್ಟ ಹೆಸರು. ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಪ್ರತಿ ಸಿಲಿಂಡರಿಗೂ ಐದಾರು ಹೊಡೆತ ಬರುವಷ್ಟು ಸೆಲ್ಫ್ ಹೊಡೆಯಿರಿ. ಡೀಸೆಲ್ ಆದರೆ ಎಲ್ಲ ಹೀಟರ್ ಪ್ಲಗ್ ಅಥವಾ ನಾಜಲ್ ಬಿಚ್ಚಿ, ಇಂಧನ ನಿಲ್ಲಿಸಿ, ಅದಕ್ಕೆಂದೇ ಇರುವ ಹೆಚ್ಚು ಒತ್ತಡದ ಗೇಜ್ ಹಾಕಬೇಕು. ಹಳೆಯ ಮಾದರಿಯ ಪೆಟ್ರೋಲ್ ಎಂಜಿನ್‌ನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 10ರಿಂದ 12 ಕೆಜಿ, ಡೀಸೆಲ್‌ನಲ್ಲಿ 25ರಿಂದ 32 ಕೆಜಿ ಬಂದರೆ ಆರೋಗ್ಯವಾಗಿದೆ ಎನ್ನಬಹುದು. ನಿಖರ ಅಂಕಿ ಆಯಾ ಎಂಜಿನ್‌ನ ಮ್ಯಾನುಯಲ್‌ನಲ್ಲಿರುತ್ತದೆ. ಅಂಕಿಯಷ್ಟೇ ಮುಖ್ಯವಾದದ್ದು ಸಿಲಿಂಡರ್ ಸಿಲಿಂಡರಿಗೆ ಇರುವ ವ್ಯತ್ಯಾಸ. ಶೇ 10ರೊಳಗಿದ್ದರೆ ಚಿಂತೆಯಿಲ್ಲ, ಶೇ 25 ದಾಟಿದರೆ ಒಳಗೆ ಕೆಲಸವಿದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಬಿದ್ದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಪದರ) ಹೋಗಿರುವ ಸಾಧ್ಯತೆಯೇ ಹೆಚ್ಚು.

ಪೆಟ್ರೋಲ್ ಎಂಜಿನ್‌ನಲ್ಲಿ ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆದರೆ, ಒತ್ತಡ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಡೀಸೆಲ್‌ನಲ್ಲಿ ಈ ಉಪಾಯ ಬೇಡ. ಅಲ್ಲಿ ಪಿಸ್ಟನ್ ಮೇಲಿನ ಜಾಗವೇ ತೀರ ಕಡಿಮೆ. ಸುರಿದ ಆಯಿಲ್ ಆ ಜಾಗವನ್ನು ತುಂಬಿಯೇ ಒತ್ತಡ ಏರಿಸಿ ದಾರಿ ತಪ್ಪಿಸುತ್ತದೆ. ಡೀಸೆಲ್‌ಗೆ ಗಾಳಿ ಪರೀಕ್ಷೆಯೇ ಸರಿ. ಪಿಸ್ಟನ್ನನ್ನು ಮೇಲ್ತುದಿಗೆ ತಂದು, ಎರಡೂ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿಟ್ಟು, ಗಾಡಿ ಗೇರಿನಲ್ಲಿ ನಿಲ್ಲಿಸಿ ಕಂಪ್ರೆಸರ್ ಗಾಳಿ ಬಿಡಿ. ಏರ್ ಫಿಲ್ಟರ್ ಕಡೆ ಸುಯ್ ಎಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರ್ ಕಡೆ ಎಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಜೋರಾಗಿ ಬಂದರೆ ರಿಂಗ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು.

ಇಷ್ಟಾದರೂ ತೀರ್ಮಾನ ಆಗುವುದಿಲ್ಲ. ನಿಜವಾದ ತೀರ್ಮಾನ ಆಯಿಲ್ ಪ್ರೆಷರಿನದು, ಹೆಚ್ಚಿನವರು ಅಳೆಯದೇ ಬಿಡುವುದೂ ಅದನ್ನೇ. ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನಂಬಿ ಕೂರುವಂತಿಲ್ಲ. ಅದು ಸಾಮಾನ್ಯವಾಗಿ ಒತ್ತಡ 4ರಿಂದ 7 ಪಿಎಸ್‌ಐಗೆ (ಚದರ ಇಂಚಿಗೆ ಪೌಂಡ್) ಇಳಿದಾಗ ಹೊತ್ತುವಂಥದ್ದು, ಅಷ್ಟು ಹೊತ್ತಿಗೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಕೂರುವ ಬೇರಿಂಗ್ ಹಾಳಾಗಿರಬಹುದು. ಆಯಿಲ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಮುಳ್ಳಿನ ಗೇಜ್ ಹಾಕಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನೋಡಬೇಕು. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಎಂಬುದು ಹಳೆಯ ಎಂಜಿನ್‌ಗಳಿಗೆ ಸಾಕಾಗುವ ಲೆಕ್ಕ. ಪಂಪ್ ತಳ್ಳುವುದು ಆಯಿಲನ್ನು, ಒತ್ತಡ ಹುಟ್ಟುವುದು ಬೇರಿಂಗ್ ಸಂದಿಯಲ್ಲಿ ಅದು ಇರುಕಿಕೊಂಡು ಹೋಗುವುದರಿಂದ. ಸಂದು ಎರಡು ಪಟ್ಟಾದರೆ ಅಷ್ಟೇ ಒತ್ತಡಕ್ಕೆ ಸೋರುವ ಆಯಿಲ್ ಎಂಟು ಪಟ್ಟಾಗುತ್ತದೆ. ಸ್ವಲ್ಪ ಸವೆದ ಬೇರಿಂಗ್ ಬಿಸಿಯಾದ ಕೂಡಲೇ ಒತ್ತಡ ಕಳೆದುಕೊಳ್ಳುವುದು ಇದಕ್ಕೇ. ದಪ್ಪ ಆಯಿಲ್ ಹಾಕಿ ಮುಳ್ಳು ಏರಿಸುವವರಿದ್ದಾರೆ. ಮುಳ್ಳು ಏರುತ್ತದೆ, ಬೇರಿಂಗ್ ಮಾತ್ರ ಹಾಗೇ ಇರುತ್ತದೆ. ಆದರೂ ಆಯಿಲಿಗೆ ಡೀಸೆಲ್ ಬೆರೆತಿಲ್ಲವೇ, ಹೆಚ್ಚಾದ ಒತ್ತಡ ಬಿಡುವ ರಿಲೀಫ್ ವಾಲ್ವ್ ಸಿಕ್ಕಿಕೊಂಡಿಲ್ಲವೇ, ತಳದ ಆಯಿಲ್ ತೊಟ್ಟಿಯಾದ ಸಂಪಿನ ಜಾಲರಿ ಕಟ್ಟಿಲ್ಲವೇ ಎಂದು ಮೊದಲು ನೋಡಿಬಿಡಿ. ಹಳೆಯ ಆಯಿಲ್ ಫಿಲ್ಟರನ್ನು ಕತ್ತರಿಸಿ ಅದರ ಕಾಗದ ಬಿಡಿಸಿದರೂ ಸುದ್ದಿ ಸಿಗುತ್ತದೆ: ಅಯಸ್ಕಾಂತಕ್ಕೆ ಅಂಟದೆ ಮಿನುಗುವ ತಾಮ್ರದ ಬಣ್ಣದ ಪುಡಿ ಕಂಡರೆ ಬೇರಿಂಗ್ ಮೇಲ್ಪದರ ದಾಟಿ ಸವೆದಿರುವ ಸಾಧ್ಯತೆ ಹೆಚ್ಚು.

ಆಯಿಲ್ ಪ್ರೆಷರ್ ಚೆನ್ನಾಗಿದ್ದು, ಕೆಳಗೆ ಬಡಿತವಿಲ್ಲದೆ, ತೊಂದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಎಂದು ಖಚಿತವಾದರೆ ಹೆಡ್ ಕೆಲಸವೇ ಸಾಕು. ಹೆಡ್ ಎತ್ತಿದ ಮೇಲೆ ನೇರಪಟ್ಟಿ ಇಟ್ಟು ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ಫೀಲರ್ ಗೇಜ್ ತೂರಿಸಿ, 0.10 ಮಿ.ಮೀ. ಹಾಳೆ ಒಳಗೆ ಹೋದರೆ ಫೇಸಿಂಗ್ (ಮೇಲ್ಮೈ ಸಮ ಮಾಡಿಸುವುದು) ಬೇಕೇ ಬೇಕು. ಎರಡು ವಾಲ್ವ್ ಸೀಟುಗಳ ನಡುವಿನ ಬಿರುಕನ್ನು ಬರಿಗಣ್ಣಿಗೆ ಬಿಡದೆ ಒತ್ತಡ ಪರೀಕ್ಷೆಗೆ ಕೊಡಿ. ಹಾಗೇ ಬೋರಿನ ಮೇಲ್ತುದಿಯಲ್ಲಿ ಬೆರಳುಗುರು ಎಳೆಯಿರಿ. ಮೇಲಿನ ರಿಂಗ್ ತಿರುಗಿ ಬರುವ ಜಾಗದಲ್ಲಿ ಸವೆತ ಅತಿ ಹೆಚ್ಚು, ಅದರ ಮೇಲೆ ಸವೆಯದ ಏಣು ಉಳಿಯುತ್ತದೆ. ಉಗುರು ಅಲ್ಲಿ ತಡೆದು ನಿಂತರೆ ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಎರಡೂ ದಿಕ್ಕಿನಲ್ಲಿ ಅಳೆಯದೆ ಹೆಡ್ ಮುಚ್ಚಬಾರದು.

ಇಲ್ಲೇ ‘ಬರೀ ರಿಂಗ್’ ಸಲಹೆ ಮುಗ್ಗರಿಸುವುದು. ಮೇಲೆ ವ್ಯಾಸದಲ್ಲಿ 0.20 ಮಿ.ಮೀ. ಹೆಚ್ಚು ಸವೆದ ಬೋರಿನಲ್ಲಿ ಸುತ್ತಳತೆಯ ವ್ಯತ್ಯಾಸ 0.63 ಮಿ.ಮೀ. ರಿಂಗಿನ ಎರಡು ತುದಿಗಳ ನಡುವಿನ ಬಾಯಿ ಪ್ರತಿ ಹೊಡೆತಕ್ಕೂ ಅಷ್ಟು ತೆರೆದು ಅಷ್ಟು ಮುಚ್ಚಬೇಕು. ರಿಂಗನ್ನು ಮೇಲ್ಭಾಗದಲ್ಲಿಟ್ಟು ಬಾಯಿಯನ್ನು 0.35 ಮಿ.ಮೀ.ಗೆ ಹೊಂದಿಸಿದರೆ ಕೆಳಗೆ ತುದಿಗಳು ಒಂದಕ್ಕೊಂದು ಒತ್ತಿ ರಿಂಗ್ ಮುರಿಯುತ್ತದೆ. ಕೆಳಗೆ ಹೊಂದಿಸಿದರೆ ಮೇಲೆ ಸುಮಾರು 1 ಮಿ.ಮೀ. ಬಾಯಿ ತೆರೆದು ಗ್ಯಾಸ್ ನುಗ್ಗುತ್ತದೆ. ಅದರ ಮೇಲೆ ಹೊಸ ರಿಂಗಿನ ಚೂಪು ಅಂಚು ಹಳೆಯ ಏಣಿಗೆ ಬಡಿದು ಪಿಸ್ಟನ್ನಿನ ರಿಂಗ್ ಪಟ್ಟಿಯೇ ಒಡೆಯಬಹುದು. ಸವೆತ 0.10ರೊಳಗೆ, ಅಂಡಾಕಾರ 0.05ರೊಳಗೆ ಇದ್ದು ಹೋನಿಂಗ್ ಗೆರೆ (ಬೋರನ್ನು ಕಲ್ಲಿನಿಂದ ಉಜ್ಜಿ ಮೂಡಿಸಿದ ಗೆರೆ) ಇನ್ನೂ ಕಾಣುತ್ತಿದ್ದರೆ ಮಾತ್ರ ಹೋನ್ ಮಾಡಿ ರಿಂಗ್ ಹಾಕುವುದಕ್ಕೆ ಅರ್ಥವಿದೆ. ಸವೆದ ಕೆಳಭಾಗದ ಮೇಲೆ ಹೆಡ್ ಮಾತ್ರ ಹೊಸದು ಮಾಡುವುದೂ ಇದೇ ಜಾತಿಯದು. ಕಂಪ್ರೆಷನ್ ಏರಿದಷ್ಟೂ ಸೋತ ಬೇರಿಂಗಿಗೆ ಭಾರ ಹೆಚ್ಚುತ್ತದೆ.

ಫುಲ್ ಕೆಲಸವೇ ಎಂದಾದರೆ ಕ್ರಮ ತಪ್ಪಬಾರದು. ಮೊದಲು ಪಿಸ್ಟನ್ ಕೈಗೆ ಬರಲಿ, ಆಮೇಲೆ ಬೋರ್. 0.25, 0.50, 0.75, 1.00 ಎಂಬ ಓವರ್‌ಸೈಜ್‌ಗಳಲ್ಲಿ ಮಾರುಕಟ್ಟೆಯಲ್ಲಿ ಇರುವುದು ಯಾವುದು ಎಂದು ತಿಳಿಯದೆ ಬೋರ್ ಮಾಡಿಸಿದವರು ಲೈನರ್ (ಬೋರಿನೊಳಗೆ ಕೂರಿಸುವ ಕೊಳವೆ) ಹೊಡೆಸಬೇಕಾಗುತ್ತದೆ. ಕ್ರ್ಯಾಂಕನ್ನು ಗ್ರೈಂಡಿಂಗ್‌ಗೆ ಕಳಿಸುವ ಮುನ್ನ ಹಳೆಯ ಬೇರಿಂಗಿನ ಬೆನ್ನು ಒರೆಸಿ ಓದಿ. ಏನೂ ಇಲ್ಲ ಅಥವಾ ಎಸ್‌ಟಿಡಿ (ಸ್ಟ್ಯಾಂಡರ್ಡ್) ಎಂದಿದ್ದರೆ ಇನ್ನೂ ಗ್ರೈಂಡ್ ಆಗಿಲ್ಲ; ಆ ಎಂಜಿನ್‌ಗೆ ಸಿಗುವ ಕೊನೆಯ ಅಂಡರ್‌ಸೈಜ್ ಆಗಲೇ ಅಚ್ಚಾಗಿದ್ದರೆ ಆ ಕ್ರ್ಯಾಂಕ್ ಮುಗಿದಿದೆ. ನೈಟ್ರೈಡಿಂಗ್ ಮಾಡಿ ಮೇಲ್ಮೈ ಗಟ್ಟಿಗೊಳಿಸಿದ ಕ್ರ್ಯಾಂಕ್ ಗ್ರೈಂಡ್ ಮಾಡಿದರೆ ಆ ಗಟ್ಟಿ ಪದರ ಹೋಗಬಹುದು, ಹೋದರೆ ಮತ್ತೆ ಗಟ್ಟಿ ಮಾಡಿಸದೆ ಜೋಡಿಸುವಂತಿಲ್ಲ.

ಹೋನಿಂಗ್ ಆದ ಬ್ಲಾಕನ್ನು ಸೀಮೆಎಣ್ಣೆಯಲ್ಲಿ ತೊಳೆದು ಮುಗಿಸುವುದು ಎಷ್ಟೋ ಒಳ್ಳೆಯ ಕೆಲಸವನ್ನು ಕೆಡಿಸಿದೆ. ಕಲ್ಲಿನ ಪುಡಿ ಗೆರೆಗಳಲ್ಲೇ ಉಳಿದು ಹೊಸ ರಿಂಗನ್ನು ಉಜ್ಜಿ ಹಾಕುತ್ತದೆ. ಬಿಸಿನೀರು, ಸೋಪಿನ ಪುಡಿ, ಬ್ರಷ್ ಹಾಕಿ ತಿಕ್ಕಿ, ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬೂದು ಬಣ್ಣ ಬರದಷ್ಟು ತೊಳೆದು, ಒಣಗಿಸಿದ ತಕ್ಷಣ ಆಯಿಲ್ ಸವರಬೇಕು, ಇಲ್ಲವಾದರೆ ನೋಡನೋಡುತ್ತಲೇ ತುಕ್ಕು. ಆಯಿಲ್ ದಾರಿಗಳ ಪ್ಲಗ್ ಬಿಚ್ಚಿ ಒಳಗೂ ಬ್ರಷ್ ಹಾಯಿಸಲಿ. ಬೇರಿಂಗ್ ಪುಡಿಯಾಗಿ ಬಂದ ಎಂಜಿನ್ ಆದರೆ ಹಳೆಯ ಆಯಿಲ್ ಕೂಲರ್ ಮತ್ತೆ ಹಾಕಲೇಬೇಡಿ. ಅದರೊಳಗಿನ ಲೋಹದ ಚೂರು ಹೊಸ ಬೇರಿಂಗಿಗೆ ನೇರವಾಗಿ ಬರುತ್ತದೆ. ಆಯಿಲ್ ಪಂಪ್, ವಾಟರ್ ಪಂಪ್, ಥರ್ಮೋಸ್ಟಾಟ್, ಟೈಮಿಂಗ್ ಬೆಲ್ಟ್ ಅಥವಾ ಚೈನ್, ವೆಲ್ಶ್ ಪ್ಲಗ್‌ಗಳು (ಬ್ಲಾಕಿನ ತೂತು ಮುಚ್ಚುವ ಬಿಲ್ಲೆಗಳು) ಇದೇ ಖರ್ಚಿನಲ್ಲಿ ಸೇರಬೇಕು. ಕಟ್ಟಿದ ರೇಡಿಯೇಟರ್ ಹಾಗೇ ಇಟ್ಟರೆ ಹಿಂದಿನ ಎಂಜಿನ್ ಕೆಟ್ಟ ದಾರಿಯಲ್ಲೇ ಇದೂ ಹೋಗುತ್ತದೆ.

ಹೊಸದಾಗಿ ಕಟ್ಟಿದ ಎಂಜಿನ್ ಸ್ಟಾರ್ಟ್ ಆಗದಂತೆ ಇಂಧನ ತಡೆದು, ಗೇಜಿನಲ್ಲಿ ಆಯಿಲ್ ಒತ್ತಡ ಕಾಣುವವರೆಗೆ ನಡುನಡುವೆ ಬಿಡುವು ಕೊಟ್ಟು ಸೆಲ್ಫ್ ಹೊಡೆಯಿರಿ. ಸ್ಟಾರ್ಟ್ ಆದ ಮೇಲೆ ಗಂಟೆಗಟ್ಟಲೆ ಐಡಲ್‌ನಲ್ಲಿ ಓಡಿಸುವ ಹಳೆಯ ರೂಢಿಯಿಂದ ರಿಂಗ್ ಕೂರುವುದಿಲ್ಲ, ಬೋರ್ ಕನ್ನಡಿಯಾಗುತ್ತದೆ. ರಿಂಗ್ ಕೂರಲು ಹದವಾದ ಲೋಡ್ ಬೇಕು: ರಸ್ತೆಗಿಳಿಸಿ, ವೇಗ ಏರಿಸಿ ಇಳಿಸಿ ಓಡಿಸಿ, 500 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ.

ಬಳಸಿದ ಎಂಜಿನ್ ತಂದು ಕೂರಿಸುವ ಮೂರನೆಯ ದಾರಿಯೂ ಇದೆ, ಕ್ರ್ಯಾಂಕ್ ಮುಗಿದಿದ್ದರೆ ಅಥವಾ ಬ್ಲಾಕ್ ಒಡೆದಿದ್ದರೆ ಅದೇ ಸರಿ. ಆದರೆ ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಅದಕ್ಕೂ ಆಗಲಿ, ಎಂಜಿನ್ ನಂಬರ್ ನೋಂದಣಿ ದಾಖಲೆಗೆ ಸೇರಲಿ. ಎಲ್ಲಕ್ಕೂ ಮೊದಲು ಗಾಡಿಯ ಕೆಳಗೆ ತೂರಿ ಸ್ಪ್ರಿಂಗ್ ಬ್ರಾಕೆಟ್ ಸುತ್ತಮುತ್ತ ಚಾಸಿಸ್ಸಿಗೆ ಸುತ್ತಿಗೆಯಿಂದ ತಟ್ಟಿ ನೋಡಿ. ಅಲ್ಲಿ ಹಕ್ಕಳೆ ಉದುರಿ ತೂತು ಕಂಡರೆ ಎಂಜಿನ್ ಲೆಕ್ಕ ಹಾಕುವ ಅಗತ್ಯವೇ ಬರುವುದಿಲ್ಲ.

ಇಂತಿ,
ಓರ್ವ ಓದುಗ