ಅವಳಿಗಳ ಹೆಸರಿಗೆ ಪ್ರಾಸ ಬೇಕೇ ಬೇಕಾ?

ಮಾನ್ಯ ಸಂಪಾದಕರೇ,

ಅವಳಿ ಮಕ್ಕಳು ಹುಟ್ಟಿದ ಕೂಡಲೇ ಮನೆಯವರೆಲ್ಲ ಪ್ರಾಸ ಹುಡುಕಲು ಕೂರುತ್ತಾರೆ. ಕೇಳಲು ಮುದ್ದಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಹುಟ್ಟಿದ ದಿನ, ಅಪ್ಪ ಅಮ್ಮ, ವಿಳಾಸ, ಇನಿಷಿಯಲ್ ಎಲ್ಲವೂ ಒಂದೇ ಆಗಿರುವಾಗ ಬೇರೆ ಅಂತ ಉಳಿಯುವುದು ಹೆಸರು ತಾನೇ? ಅದನ್ನೂ ತನ್ವಿ-ಮನ್ವಿ ಅಂತ ಒಂದಕ್ಷರದ ವ್ಯತ್ಯಾಸಕ್ಕೆ ಇಳಿಸಿದರೆ, ಒಬ್ಬಳ ರಕ್ತಪರೀಕ್ಷೆಯ ರಿಪೋರ್ಟು ಇನ್ನೊಬ್ಬಳ ಫೈಲಿಗೆ ಸೇರಲು, ಅರ್ಜಿ ತುಂಬಿದಾಗ ಕಂಪ್ಯೂಟರು ‘ಇದು ಆಗಲೇ ಇದೆ’ ಅಂತ ಒಂದನ್ನು ತಳ್ಳಿಹಾಕಲು ನಾವೇ ದಾರಿ ಮಾಡಿಕೊಟ್ಟಂತೆ. ಮನೆಯಲ್ಲೂ ಅಷ್ಟೇ. ಒಳಗಿನಿಂದ ಕೂಗಿದರೆ ಇಬ್ಬರೂ ಓಡಿಬರುತ್ತಾರೆ, ಇಲ್ಲವೇ ‘ಕರೆದದ್ದು ನನ್ನನ್ನಲ್ಲ’ ಅಂತ ಇಬ್ಬರೂ ಸುಮ್ನೆ ಕೂತಿರುತ್ತಾರೆ!

ಪುರಾಣದ ಅವಳಿಗಳನ್ನೇ ನೋಡಿ. ಲವ-ಕುಶ, ನಕುಲ-ಸಹದೇವ. ಎಲ್ಲಿದೆ ಪ್ರಾಸ? ಹೊಂದಿಕೆ ಬೇಕೇ ಬೇಕು ಅನ್ನುವವರು ಅರ್ಥದಲ್ಲಿ ಹೊಂದಿಸಲಿ. ಉಷಾ-ಸಂಧ್ಯಾ ಅಂದರೆ ಜೋಡಿಯೂ ಆಯಿತು, ಕಿವಿಗೆ ಬೇರೆ ಬೇರೆಯಾಗಿಯೂ ಕೇಳುತ್ತದೆ.

ನನಗೆ ಜಾಸ್ತಿ ಬೇಜಾರಾಗುವುದು ಇನ್ನೊಂದಕ್ಕೆ. ಮೊದಲ ಮಗುವಿಗೆ ತಿಂಗಳುಗಟ್ಟಲೆ ಯೋಚಿಸಿಟ್ಟ ಹೆಸರು, ಎರಡನೆಯದಕ್ಕೆ ಆ ಪ್ರಾಸಕ್ಕೆ ಸಿಕ್ಕಿದ್ದು, ಅರ್ಥ ಇದೆಯೋ ಇಲ್ಲವೋ ನೋಡುವವರಿಲ್ಲ. ಮೊದಲು ಎರಡನ್ನೂ ಬಿಡಿಬಿಡಿಯಾಗಿ ಹೇಳಿ ನೋಡಿ, ಆಮೇಲೆ ಜೋಡಿಸಿ.

– ಒಬ್ಬ ಓದುಗಿ