ಬೊಂಬೆ ಅಂಗಡಿಗಳನ್ನು ಮ್ಯಾಪ್‌ಗೆ ಸೇರಿಸೋಣ, ಈ ಭಾನುವಾರ

ಎಲ್ಲರಿಗೂ ನಮಸ್ಕಾರ. ಬೈಪಾಸ್ ಆದಮೇಲೆ ಮೈಸೂರಿಗೆ ಹೋಗುವ ಕಾರುಗಳು ಚನ್ನಪಟ್ಟಣದೊಳಗೆ ಬರುವುದು ಕಡಿಮೆಯಾಗಿದೆ. ಬರುವವರೂ ಮೊಬೈಲ್‌ನಲ್ಲಿ ಹುಡುಕಿಕೊಂಡೇ ಬರುತ್ತಾರೆ, ಅಲ್ವಾ? ಗೂಗಲ್ ಮ್ಯಾಪ್‌ನಲ್ಲಿ ಇನ್ನೂ ಹೆಸರಿಲ್ಲದ ಅಂಗಡಿಯವರು ಈ ಭಾನುವಾರ ಬೆಳಗ್ಗೆ 10ಕ್ಕೆ ನಮ್ಮ ಅಂಗಡಿಗೆ ಬನ್ನಿ.

ಮೊಬೈಲ್ ಚಾರ್ಜ್ ಇರಲಿ, ಜಿಮೇಲ್ ಪಾಸ್‌ವರ್ಡ್ ನೆನಪಿರಲಿ (ಹೋದ ಸಲ ಅರ್ಧ ದಿನ ಅದರಲ್ಲೇ ಹೋಯಿತು!). ಬೋರ್ಡಿನ ಫೋಟೊ ತನ್ನಿ. ಬೊಂಬೆ ಮಾಡುವ ಪಟ್ಟಡೆಯಲ್ಲಿ ಅದಕ್ಕೆ ಅರಗಿನ ಬಣ್ಣ ಹಚ್ಚುವ ಫೋಟೊ ಇದ್ದರೆ ಇನ್ನೂ ಒಳ್ಳೆಯದು, ಜನ ಅದನ್ನೇ ಜಾಸ್ತಿ ನೋಡುತ್ತಾರೆ. ಅಂಗಡಿ ನಿಮ್ಮದೇ ಎಂದು ತೋರಿಸಲು ಗೂಗಲ್ ವಿಡಿಯೊ ಕೇಳಬಹುದು. ಅದನ್ನು ಆಮೇಲೆ ನಿಮ್ಮಲ್ಲಿಗೇ ಬಂದು ಮಾಡಿಕೊಡುತ್ತೇವೆ.

ಇದೆಲ್ಲ ಉಚಿತ. ದುಡ್ಡು ಅಥವಾ ಒಟಿಪಿ ಕೇಳುವ ಫೋನ್ ಬಂದರೆ ಸುಮ್ನೆ ಕಟ್ ಮಾಡಿ.

ಬರುವವರು ಶುಕ್ರವಾರದೊಳಗೆ ಅಂಗಡಿ ಹೆಸರು ಇಲ್ಲೇ ಹಾಕಿ.